ದುರ್ವಾಸನೆಯ ದೂರುಗಳು: ಸೊನ್ನೆ

ನಾಯಿ ಸತ್ತು ಆರು ದಿನವಾಗಿತ್ತು ಎಂದು ಆಮೇಲೆ ಪಶುವೈದ್ಯರು ಹೇಳಿದರು. ಬಿಳಿಗುಡ್ಡ ವಿಶ್ವವಿದ್ಯಾಲಯದ ಕಮಲ ಸರೋವರದ ದಂಡೆಯಲ್ಲಿ, ಒಂದು ಕಲ್ಲುಬೆಂಚಿನ ಕೆಳಗೆ ಅದು ಉಬ್ಬಿ, ಒಡೆದು, ಹೊಟ್ಟೆಯಿಂದ ಹುಳ ಸುರಿಸುತ್ತ ಬಿದ್ದಿತ್ತು. ಬೆಂಚಿನ ಮೇಲೆ ಇಬ್ಬರು ಹುಡುಗಿಯರು ಒಂದೇ ಪೊಟ್ಟಣದಿಂದ ಗಿರ್ಮಿಟ್ ತಿನ್ನುತ್ತ ಕೂತಿದ್ದರು.

ರಸಾಯನಶಾಸ್ತ್ರ ವಿಭಾಗದ ಡಾ. ನೀಲಗಂಗಾ ಮುಳಗುಂದ ಅದನ್ನು ಕಂಡದ್ದು ನೊಣಗಳ ದೆಸೆಯಿಂದ. ಅಷ್ಟೊಂದು ನೊಣ ಯಾಕೆ ಎಂದು ಬಗ್ಗಿ ನೋಡಿದಳು. "ಏಳ್ರಿ, ಮೊದಲ ಏಳ್ರಿ ಅಲ್ಲಿಂದ," ಎಂದು ಕೂಗಿದಳು. ಹುಡುಗಿಯರು ಕೆಳಗೆ ನೋಡಿ ಚೀರಿ ಹಾರಿ ನಿಂತರು. "ಅಯ್ಯ, ನೋಡೇ ಇಲ್ರಿ ಮೇಡಂ," ಎಂದಳು ಒಬ್ಬಳು. ಆಮೇಲೆ ಇಬ್ಬರೂ ನಾಲ್ಕು ಹೆಜ್ಜೆ ಆಚೆಗಿನ ಬೆಂಚಿಗೆ ಹೋಗಿ ಕೂತು, ಉಳಿದ ಗಿರ್ಮಿಟ್ ತಿನ್ನತೊಡಗಿದರು.

ಅದನ್ನು ನೋಡಿ ನೀಲಗಂಗಾ ಮತ್ತೆ ಮೊದಲಿನ ಬೆಂಚಿನ ಕಡೆ ತಿರುಗಿದಳು. ಅವಳು ಬೇಕೆಂದೇ ನಾಯಿಯ ಹತ್ತಿರ ಬಗ್ಗಿ ಮೂಗು ತುಂಬ ಉಸಿರು ಎಳೆದುಕೊಂಡಳು. ಬೇವಿನ ಹೂವಿನ ವಾಸನೆ ಬಂತು. ಗಿರ್ಮಿಟ್ಟಿನ ಕೊತ್ತಂಬರಿ, ನಿಂಬೆಹಣ್ಣು ಬಂತು. ನಾಯಿಯ ವಾಸನೆ ಇರಲೇ ಇಲ್ಲ.

ಇರಬಾರದು ಎಂದೇ ಅವಳು ಏಳು ವರ್ಷ ದುಡಿದಿದ್ದಳು.

ಮೂಗಿನ ಮೇಲ್ತುದಿಯ ಒಳಗೋಡೆಯಲ್ಲಿ ನೂರಾರು ಬಗೆಯ ಗ್ರಾಹಕಗಳಿರುತ್ತವೆ. ಒಂದೊಂದು ಬಗೆಯದು ಕೆಲವೇ ಅಣುಗಳಿಗೆ ಬಾಗಿಲು ತೆರೆಯುತ್ತದೆ. ಕೊಳೆಯುವ ಪದಾರ್ಥದಿಂದ ಏಳುವ ಗಂಧಕದ ಮತ್ತು ಅಮೈನಿನ ಅಣುಗಳು ತಟ್ಟುವ ಬಾಗಿಲುಗಳು ಮೂವತ್ತರೊಳಗೆ. ನೀಲಗಂಗಾ ಕಟ್ಟಿದ ಹೊಸ ಅಣು ಆ ಬಾಗಿಲುಗಳ ಬೀಗದಲ್ಲಿ ಸಿಕ್ಕಿಕೊಂಡು ಕೂರುತ್ತಿತ್ತು. ಗಾಳಿಯಲ್ಲಿ ಬೆರೆಸಿದರೆ ಇಪ್ಪತ್ತು ನಿಮಿಷಕ್ಕೆ ಕೆಲಸ ಶುರು, ಎಂಟು ಗಂಟೆ ಅಲುಗಾಟವಿಲ್ಲ. ಮಲ್ಲಿಗೆ, ಕಾಫಿ, ಮಣ್ಣು ಎಲ್ಲ ಮೊದಲಿನಂತೆಯೇ. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಸಪ್ಪೆ.

ಅವಳು ಅದನ್ನು ಮಾಡಿದ್ದು ಆಸ್ಪತ್ರೆಗಳಿಗಾಗಿ. ಕೊಳೆತ ಗಾಯದ ಕ್ಯಾನ್ಸರ್ ರೋಗಿಗಳ ಪಕ್ಕ ಸ್ವಂತ ಮಕ್ಕಳೇ ಐದು ನಿಮಿಷ ಕೂರಲಾರದೆ ಎದ್ದುಹೋಗುವುದನ್ನು ಅವಳು ಕಂಡಿದ್ದಳು. ಆದರೆ ವಿಭಾಗದ ಒಂದು ವಿಚಾರ ಸಂಕಿರಣದಲ್ಲಿ ಅದರ ಬಗ್ಗೆ ಮಾತಾಡಿದ ದಿನ, ಮೊದಲ ಸಾಲಿನಲ್ಲಿ ಕುಲಪತಿ ಜಯತೀರ್ಥ ದೇಸಾಯಿ ಕೂತಿದ್ದರು.

ದೇಸಾಯಿಯವರಿಗೆ ಬೇರೆಯದೇ ತಲೆನೋವಿತ್ತು. ವಿಶ್ವವಿದ್ಯಾಲಯ ಪರಿಸರದ ಹೆಸರಿನಲ್ಲಿ ಒಂದು ಸಂಕಲ್ಪ ಮಾಡಿ, ಅದನ್ನು ಹೆಬ್ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಬರೆಸಿತ್ತು: 'ಕಸವಿಲ್ಲದ ಕ್ಯಾಂಪಸ್, ಕಳಂಕವಿಲ್ಲದ ಕಾಳಜಿ.' ಒಂದು ಹನಿ ಕೊಳಚೆಯೂ ಹೊರಗೆ ಹೋಗುವುದಿಲ್ಲ, ಎಲ್ಲವೂ ಶುದ್ಧವಾಗಿ ಕಮಲ ಸರೋವರ ಸೇರುತ್ತದೆ ಎಂದು ಅದರ ಅರ್ಥ. ಆದರೆ ಶುದ್ಧೀಕರಣ ಘಟಕ ಕಟ್ಟಿದ್ದು ಮೂರು ಸಾವಿರ ಜನರಿಗೆ. ಈಗ ಇದ್ದವರು ಹನ್ನೊಂದು ಸಾವಿರ. ಉಳಿದ ಎಂಟು ಸಾವಿರ ಜನರ ಮಲಮೂತ್ರ ಅರೆಬರೆ ಶುದ್ಧವಾಗಿ ಸರೋವರಕ್ಕೆ ಇಳಿಯುತ್ತಿತ್ತು. ಊಟಕ್ಕೆ ಕೂತವರು ತಟ್ಟೆ ಬಿಟ್ಟು ಏಳುತ್ತಿದ್ದರು. ಘಟಕ ದೊಡ್ಡದು ಮಾಡಲು ಎರಡು ವರ್ಷ ಬೇಕಿತ್ತು. 'ಹಸಿರು ಶಿಖರ' ಮನ್ನಣೆಯ ಸಮಿತಿ ಐದೇ ತಿಂಗಳಲ್ಲಿ ಬರುವುದಿತ್ತು.

ದೇಸಾಯಿ ಅಣುವಿಗೆ 'ನಿರ್ಗಂಧ' ಎಂದು ಹೆಸರಿಟ್ಟರು. ನಾನೂರ ಹನ್ನೆರಡು ಸೋಲಾರ್ ದೀಪದ ಕಂಬಗಳಿಗೆ ಬೆರಳುದ್ದದ ನಳಿಕೆಗಳು ಬಂದವು. ಆಡಳಿತ ಭವನದ ನಿಯಂತ್ರಣ ಕೊಠಡಿಯಲ್ಲಿ ದೊಡ್ಡ ಪರದೆ ಬಂತು. ಅದರ ಮೂಲೆಯಲ್ಲಿ 'ದುರ್ವಾಸನೆಯ ದೂರುಗಳು' ಎಂಬ ಪಟ್ಟಿ. ಮೊದಲ ದಿನ ನಲವತ್ತಾರು ಇದ್ದದ್ದು ಒಂಬತ್ತನೆಯ ದಿನ ಸೊನ್ನೆಗೆ ಇಳಿಯಿತು.

"ನೋಡ್ರಿ ನೀಲಗಂಗಾ," ಎಂದರು ದೇಸಾಯಿ, ಪೇಡೆಯ ಡಬ್ಬಿ ಮುಂದೆ ಹಿಡಿದು. "ಒಂಬತ್ತ ದಿನದಾಗ ಕೆರಿ ಸ್ವಚ್ಛ ಆತು."

"ಕೆರಿ ಸ್ವಚ್ಛ ಆಗಿಲ್ಲ ಸರ್. ವಾಸನಿ ಹೋಗೇತಿ, ಅಷ್ಟ."

"ಮಂದಿಗೆ ಎರಡೂ ಒಂದ ಅದ."

ನೀಲಗಂಗಾ ಪೇಡೆ ತಿಂದಳು. ಅವತ್ತು ಅವಳಿಗೆ ಖುಷಿಯಾಗಿತ್ತು, ಅದನ್ನು ಅವಳು ಮುಂದೆ ಯಾರೆದುರೂ ಮುಚ್ಚಿಡಲಿಲ್ಲ. ಏಳು ವರ್ಷ ಗಾಜಿನ ನಳಿಗೆಯಲ್ಲಿದ್ದದ್ದು ಹನ್ನೊಂದು ಸಾವಿರ ಜನರ ಮೂಗಿನಲ್ಲಿ ಕೆಲಸ ಮಾಡುತ್ತಿತ್ತು.

ನಾಯಿಯನ್ನು ಹೂಳಿಸಿದ ಮರುದಿನ ಶುದ್ಧೀಕರಣ ಘಟಕದ ಹುಸೇನಸಾಬ ನದಾಫ ಅವಳ ಪ್ರಯೋಗಾಲಯಕ್ಕೆ ಬಂದ. ಐವತ್ತೆರಡು ವರ್ಷದ ಮನುಷ್ಯ, ಘಟಕ ಶುರುವಾದ ದಿನದಿಂದ ಅಲ್ಲಿಯೇ ಇದ್ದವನು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತ.

"ಒಂದ ಕಂಬ ಬಂದ್ ಮಾಡ್ಸಿ ಕೊಡ್ರಿ ಮೇಡಂ. ನಮ್ಮ ಘಟಕದ ಮುಂದಿಂದು ಅಷ್ಟ."

"ಯಾಕ್ರಿ?"

"ನನಗ ಕಣ್ಣ ಕಟ್ಟಿ ಬಿಟ್ಟಂಗ ಆಗೇತ್ರಿ. ನಾ ಟಾಕಿ ನಡಸೂದ ಮೂಗಿಲೆ. ಮಳಿ ಬಿದ್ದ ಮಣ್ಣಿನ ವಾಸನಿ ಬಂತಂದ್ರ ಒಳಗ ಹೊಲಸ ತಿನ್ನೂ ಹುಳ ಅರಾಮ ಅದಾವು ಅಂತ. ಕೊಳತ ತತ್ತಿ ವಾಸನಿ ಬಂತಂದ್ರ ಗಾಳಿ ಸಾಲವಲ್ದು, ಸಾಯಾಕತ್ತಾವು ಅಂತ. ಈಗ ಏನೂ ಬರವಲ್ದು. ಸತ್ತಾವೋ ಬದುಕ್ಯಾವೋ ತಿಳೀವಲ್ದ್ರಿ."

"ಮೀಟರ್ ಇಲ್ಲೇನು?"

"ಮೀಟರ್ ಕೆಟ್ಟು ಎರಡ ವರ್ಷ ಆತ್ರಿ. ನನ್ನ ಮೂಗ ಐತಲ್ಲ ಅಂತ ಯಾರೂ ರಿಪೇರಿ ಮಾಡ್ಸಲಿಲ್ಲ."

ನೀಲಗಂಗಾ ಪತ್ರ ಬರೆದಳು. ಗಾಳಿ ಆ ಕಡೆಯಿಂದಲೇ ಬೀಸುವುದರಿಂದ ಆ ಕಂಬ ನಿಲ್ಲಿಸಲು ಬರುವುದಿಲ್ಲ ಎಂದು ಉತ್ತರ ಬಂತು. ಹತ್ತು ದಿನದ ನಂತರ ಹುಸೇನಸಾಬನನ್ನು ತೋಟದ ಕೆಲಸಕ್ಕೆ ಹಾಕಿದರು. ದೂರುಗಳೇ ಇಲ್ಲವಲ್ಲ ಎಂದು ಘಟಕದ ಬಾಗಿಲಿಗೆ ಬೀಗ ಬಿತ್ತು. ಕೊಳಚೆ ಈಗ ಅಷ್ಟೂ ಶುದ್ಧವಾಗದೆ, ಹಾಗೆಯೇ ಸರೋವರಕ್ಕೆ ಇಳಿಯತೊಡಗಿತು. ದಂಡೆಯ ಮೇಲೆ ಹುಡುಗರು ಫೋಟೋ ತೆಗೆದುಕೊಳ್ಳುತ್ತಿದ್ದರು. ನೀರಿನ ಬಣ್ಣ ಹಸಿರಿನಿಂದ ಕಂದಾಗಿ, ಕಂದಿನಿಂದ ಕಪ್ಪಾಯಿತು. ಯಾರೂ ಕೇಳಲಿಲ್ಲ. ಮೂಗು ಹೇಳದ್ದನ್ನು ಕಣ್ಣು ನಂಬುವುದಿಲ್ಲ ಎಂದು ನೀಲಗಂಗಾ ಆಗ ಕಲಿತಳು. ಕಲಿತೂ ಸುಮ್ಮನಿದ್ದಳು. ಸಮಿತಿಗಾಗಿ ನೂರ ಎಂಬತ್ತು ಪುಟದ ವರದಿ ಬರೆಯುವ ಕೆಲಸ ಅವಳ ತಲೆಯ ಮೇಲಿತ್ತು.

ಅವಳ ಮನೆ ಕ್ಯಾಂಪಸ್ಸಿನಲ್ಲೇ, ಅಧ್ಯಾಪಕರ ವಸತಿಯ ಎರಡನೆಯ ಸಾಲಿನಲ್ಲಿ. ಇದ್ದವರು ಅವಳು ಮತ್ತು ಅವ್ವ. ಅವ್ವ ಸಂಗವ್ವನಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಪಾದಗಳಲ್ಲಿ ಸ್ಪರ್ಶವಿರಲಿಲ್ಲ, ಕಣ್ಣೂ ಮಂಜಾಗಿತ್ತು. ಹೊಸ ಚಪ್ಪಲಿ ಕಚ್ಚಿ ಬಲಗಾಲ ಹೆಬ್ಬೆರಳ ಹತ್ತಿರ ಗುಳ್ಳೆ ಎದ್ದಾಗ ನೀಲಗಂಗಾ ತೊಳೆದು, ಮುಲಾಮು ಹಚ್ಚಿ, ಪಟ್ಟಿ ಕಟ್ಟಿ, ಮೇಲೊಂದು ಕಾಲುಚೀಲ ಹಾಕಿದ್ದಳು. ವಾರಕ್ಕೊಮ್ಮೆ ಪಟ್ಟಿ ಬದಲಿಸಬೇಕಿತ್ತು. ಮೊದಲ ಎರಡು ಭಾನುವಾರ ಬದಲಿಸಿದಳು. ಮುಂದಿನ ಮೂರು ಭಾನುವಾರ ವರದಿಯಲ್ಲಿ ಹೋದವು.

"ಕಾಲ ಹೆಂಗೈತಬೇ?" ಎಂದು ದಿನಾ ಸಂಜೆ ಬಾಗಿಲಲ್ಲೇ ಕೇಳುತ್ತಿದ್ದಳು.

"ಅರಾಮ ಐತಿ. ಒಂಚೂರೂ ನೋವಿಲ್ಲ."

ನೋವಿರಲಿಲ್ಲ ಎಂಬುದು ನಿಜವಾಗಿತ್ತು. ತಾಯಿ ಮಗಳು ಒಂದೇ ಕೋಣೆಯಲ್ಲಿ, ಎರಡು ಮಾರಿನ ಅಂತರದಲ್ಲಿ ಮಲಗುತ್ತಿದ್ದರು.

ಸಮಿತಿ ಬರಲು ಐದು ದಿನವಿದ್ದಾಗ, ಶನಿವಾರ ಬೆಳಗ್ಗೆ, ಕೊಪ್ಪಳದಲ್ಲಿ ಶಾಲೆ ಶಿಕ್ಷಕಿಯಾಗಿದ್ದ ತಂಗಿ ಸುಮಂಗಲಾ ಅವ್ವನನ್ನು ನೋಡಲು ಬಂದಳು. ಆಟೋ ಹೆಬ್ಬಾಗಿಲಿನಿಂದ ನೇರ ಮನೆ ಮುಂದೆ ಬಂದು ನಿಂತಿತು. ಸುಮಂಗಲಾ ಬಾಗಿಲು ತೆರೆದವಳೇ ಸೆರಗನ್ನು ಮೂಗಿಗೆ ಒತ್ತಿ ಹಿಂದೆ ಸರಿದಳು.

"ಅಕ್ಕಾ, ಮನ್ಯಾಗ ಏನರ ಸತ್ತೈತೇನ?"

"ಇಲ್ಲಲ. ಯಾಕ?"

"ಇಲಿ ಸತ್ತಿರಬೇಕ ನೋಡ. ಥೂ, ಉಸಿರಾಡಾಕ ಆಗವಲ್ದು! ನೀವು ಹೆಂಗರ ಇದ್ದೀರಿ ಇದರಾಗ?"

ಅವಳು ಚೀಲ ಹೊರಗೇ ಬಿಟ್ಟು ಒಳಗೆ ಬಂದು ಹುಡುಕತೊಡಗಿದಳು. ಅಡುಗೆಮನೆಯ ಮೋರಿಯ ಹತ್ತಿರ ಮೂಸಿದಳು, ಅಲ್ಲ. ಕಪಾಟಿನ ಹಿಂದೆ, ಅಲ್ಲ. ಮಲಗುವ ಕೋಣೆಯ ಹೊಸ್ತಿಲಲ್ಲಿ ಒಂದು ಸಲ ಓಕರಿಸಿದಳು. ಅವ್ವ ಮಂಚದ ಮೇಲೆ ಕೂತು, "ಬಾ ನನ್ನವ್ವ," ಎಂದು ಕೈ ಚಾಚಿದಳು. ಸುಮಂಗಲಾ ಅಲ್ಲೇ ನಿಂತಳು. ಅವಳ ದನಿ ಇಳಿಯಿತು.

"ಅಕ್ಕಾ... ಅವ್ವನ ಕಡಿಂದ ಬರಾಕತ್ತೈತಿ."

ನೀಲಗಂಗಾ ಕಾಲುಚೀಲ ಎಳೆದಳು. ಅದು ಬರಲಿಲ್ಲ, ಅಂಟಿಕೊಂಡಿತ್ತು. ಕತ್ತರಿ ತಂದು ಕತ್ತರಿಸಿದಳು. ಹಳದಿಗಟ್ಟಿ ಗಟ್ಟಿಯಾಗಿದ್ದ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಕೊನೆಯ ಸುತ್ತಿನ ಜೊತೆ ಚರ್ಮವೂ ಬಂತು. ಮೂರು ಬೆರಳು ಕಪ್ಪಾಗಿ ಸುಟ್ಟ ಬದನೆಕಾಯಿಯಂತಾಗಿದ್ದವು. ಬೆರಳಸಂದಿನಲ್ಲಿ ಬಿಳಿಯದೇನೋ ಮಿಸುಕಾಡುತ್ತಿತ್ತು. ಅಷ್ಟನ್ನೂ ಅಷ್ಟು ಹತ್ತಿರದಿಂದ ನೋಡುವಾಗ ನೀಲಗಂಗಾಳ ಮೂಗಿಗೆ ಬಂದದ್ದು ಅವ್ವ ಮುಡಿದಿದ್ದ ಅಬ್ಬಲಿಗೆಯ ಜೊತೆಗಿನ ಮರುಗದ ವಾಸನೆ.

"ಏನೈತಿ? ಯಾಕ ಇಬ್ಬರೂ ಸುಮ್ಮನಾದ್ರಿ?" ಎಂದಳು ಅವ್ವ. "ನನಗ ಕಾಣವಲ್ದು. ಹೇಳ್ರೆ."

ಅಂಬ್ಯುಲೆನ್ಸ್ ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ದಾಟಿತ್ತು. ಅವ್ವನ ತಲೆ ಸವರುತ್ತಿದ್ದ ಸುಮಂಗಲಾ ಒಮ್ಮೆಲೇ ಮುಖವೆತ್ತಿ, "ಅಕ್ಕಾ, ಈಗ ವಾಸನಿ ಬರವಲ್ದು ನೋಡ," ಎಂದಳು. ಕಾಲು ವಾಸಿಯಾಯಿತೇನೋ ಎಂಬಂಥ ಆಸೆ ಅವಳ ದನಿಯಲ್ಲಿತ್ತು. ನೀಲಗಂಗಾ ಕಿಟಕಿಯಾಚೆಗಿನ ದೀಪದ ಕಂಬದ ಕಡೆ ನೋಡಿದಳು.

ಜಿಲ್ಲಾಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಒಂದು ವಾರ ಮೊದಲು ಬಂದಿದ್ದರೆ ಎರಡು ಬೆರಳಲ್ಲಿ ಮುಗಿಯುತ್ತಿತ್ತು ಎಂದರು ವೈದ್ಯರು. "ಇಷ್ಟು ವಾಸನೆ ಬರುವವರೆಗೆ ಮನೆಯಲ್ಲಿ ಯಾರೂ ನೋಡಲಿಲ್ಲವೆ?" ಎಂದೂ ಕೇಳಿದರು.

ಅವತ್ತು ಸಂಜೆ, ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಕೂತಿದ್ದಾಗ, ನೀಲಗಂಗಾಳ ಮೂಗು ತೆರೆಯಿತು. ನಾಲ್ಕು ತಿಂಗಳಲ್ಲಿ ಅವಳು ಎಂಟು ಗಂಟೆ ಕ್ಯಾಂಪಸ್ಸಿನ ಹೊರಗೆ ಇದ್ದದ್ದು ಅದೇ ಮೊದಲು. ಮೊದಲು ಫಿನೈಲು ಮಾತ್ರ ಇತ್ತು. ಆಮೇಲೆ ಅದರ ಅಡಿಯಿಂದ ದಪ್ಪನೆಯ, ಸಿಹಿ ಬೆರೆತ, ಗಂಟಲಿಗೆ ಮೆತ್ತುವ ಒಂದು ಕೊಳೆತ ವಾಸನೆ ಏರಿ ಬಂತು. ಅದು ಎಲ್ಲಿಂದ ಎಂದು ಸುತ್ತ ನೋಡಿದಳು. ಅವಳ ಸೆರಗಿನಿಂದ ಬರುತ್ತಿತ್ತು. ಅಂಗೈಯಿಂದ, ಕೂದಲಿನಿಂದ ಬರುತ್ತಿತ್ತು. ಎರಡು ವಾರ ಅವಳು ಇದನ್ನೇ ಉಟ್ಟು ಹೊದ್ದು ಮಲಗಿದ್ದಳು. ಓಡಿಹೋಗಿ ತೊಟ್ಟಿಯಲ್ಲಿ ವಾಂತಿ ಮಾಡಿದಳು, ಹೊಟ್ಟೆ ಬರಿದಾದ ಮೇಲೂ ನಿಲ್ಲಲಿಲ್ಲ. ಇಂಥ ಮಗಳೆಂದು ತನ್ನ ಮೇಲೆ ಹುಟ್ಟಿದ ಹೇಸಿಗೆ ವಾಂತಿಯಿಂದ ಹೋಗುವಂಥದ್ದಾಗಿರಲಿಲ್ಲ.

ಮಂಗಳವಾರ ಅವಳು ಕುಲಪತಿಯ ಕೋಣೆಗೆ ಹೋದಳು.

"ನಿಮ್ಮ ತಾಯಿಯವರ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತು," ಎಂದರು ದೇಸಾಯಿ. "ಏನರ ಬೇಕಾದ್ರ ಹೇಳ್ರಿ."

"ನಿರ್ಗಂಧ ನಿಲ್ಲಸ್ರಿ."

"ಗುರುವಾರ ಸಮಿತಿ ಬರ್ತದ. ಶುಕ್ರವಾರ ಕೂತು ಮಾತಾಡೋಣು."

"ಸರ್, ಅಲ್ಲಿ ಘಟಕ ಬಂದ್ ಆಗೇತಿ. ಕೆರಿ ತುಂಬ ಹೇಲ ಐತಿ. ನಾವೆಲ್ಲಾ ಅದರ ದಂಡಿ ಮ್ಯಾಲ ಕೂತ ಉಣ್ಣಾಕತ್ತೇವಿ."

ದೇಸಾಯಿ ಆ ಪದಕ್ಕೆ ಮುಖ ಸಿಂಡರಿಸಿದರು. ಕೆರೆಗೆ ಅವರು ಒಮ್ಮೆಯೂ ಹಾಗೆ ಮುಖ ಸಿಂಡರಿಸಿದ್ದನ್ನು ನೀಲಗಂಗಾ ನೋಡಿರಲಿಲ್ಲ. ಅವರು ಮೇಜಿನ ಮೇಲಿದ್ದ ವರದಿ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟರು. "ಮನುಷ್ಯರ ಆರೋಗ್ಯದ ಮ್ಯಾಲ ಯಾವ ಪರಿಣಾಮನೂ ಇಲ್ಲ ಅಂತದ ಇಲ್ಲಿ. ಈ ಸಹಿ ಯಾರದು?"

ಸಹಿ ಅವಳದೇ. ಮೂಗಿಗೆ ಏನಾಗುತ್ತದೆ ಎಂದಷ್ಟೇ ಪರೀಕ್ಷಿಸಿ, ಮನುಷ್ಯನಿಗೆ ಏನಾಗುತ್ತದೆ ಎಂದು ನೋಡದೆ ಹಾಕಿದ ಸಹಿ.

ಬುಧವಾರ ಸಂಜೆ ಆರು ಗಂಟೆಗೆ ಅವಳು ನಿಯಂತ್ರಣ ಕೊಠಡಿಗೆ ಹೋದಳು. ಅಲ್ಲಿನ ವ್ಯವಸ್ಥೆಯೆಲ್ಲ ಅವಳೇ ಮಾಡಿಸಿದ್ದು, ಒಂದು ಬೀಗದ ಕೈ ಅವಳ ಹತ್ತಿರವೇ ಇತ್ತು. ನಾನೂರ ಹನ್ನೆರಡು ನಳಿಕೆಗಳನ್ನೂ ಒಂದೇ ಗುಂಡಿಯಿಂದ ನಿಲ್ಲಿಸಿದಳು. ಯಾರಿಗೂ ತಿಳಿಯದಂತೆ ಪರದೆಯ ಮೇಲೆ ಹಿಂದಿನ ದಿನದ ಅಂಕಿಗಳನ್ನು ಹಾಗೇ ಬಿಟ್ಟಳು. ಆಮೇಲೆ ಬಸ್ಸು ಹತ್ತಿ ಅವ್ವನ ಹತ್ತಿರ ಹೋದಳು.

ಗುರುವಾರ ಬೆಳಗ್ಗೆ ಏಳಕ್ಕೆ ಮರಳಿದಾಗ, ಹೆಬ್ಬಾಗಿಲಿಗೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ ಬಸ್ಸಿನಲ್ಲಿದ್ದವರು ಕಿಟಕಿ ಮುಚ್ಚಿದರು. ಒಳಗೆ ಹನ್ನೊಂದು ಸಾವಿರ ಜನರಿಗೆ ಒಮ್ಮೆಲೇ ಮೂಗು ಬಂದಿತ್ತು. ಹಾಸ್ಟೆಲಿನ ಮೆಟ್ಟಿಲುಗಳ ಮೇಲೆ ವಾಂತಿ, ಹುಲ್ಲುಹಾಸಿನ ಮೇಲೆ ವಾಂತಿ. ಹುಡುಗರು ಹಾಸಿಗೆಗಳನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಿದ್ದರು. ನಾಲ್ಕು ತಿಂಗಳು ಒಗೆಯದ ಹೊದಿಕೆ, ಮಂಚದ ಕೆಳಗೆ ಉಳಿದ ಡಬ್ಬಿ, ಕಟ್ಟಿಕೊಂಡ ಕಕ್ಕಸು, ತಮ್ಮ ತಮ್ಮ ಮೈ, ಎಲ್ಲವೂ ಒಂದೇ ಬೆಳಗಿನಲ್ಲಿ ನಾರತೊಡಗಿತ್ತು. ಎಲ್ಲದರ ಮೇಲೆ ಸರೋವರ. ಜನ ದಂಡೆಗೆ ಬಂದು, ಬಟ್ಟೆಯಲ್ಲಿ ಮೂಗು ಮುಚ್ಚಿಕೊಂಡು, ಕಪ್ಪು ನೀರನ್ನು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. ಅದು ನಿನ್ನೆಯೂ ಕಪ್ಪಾಗಿಯೇ ಇತ್ತು.

ಹುಸೇನಸಾಬ ಒಬ್ಬನೇ ಮೂಗು ಮುಚ್ಚಿಕೊಂಡಿರಲಿಲ್ಲ. ಬೀಗ ಹಾಕಿದ ಘಟಕದ ಮುಂದೆ ನಿಂತು ಉಸಿರೆಳೆದು ನೋಡುತ್ತಿದ್ದ. "ಒಂದ ಹುಳಾನೂ ಉಳದಿಲ್ರಿ ಮೇಡಂ," ಎಂದ. "ಪೂರಾ ಸತ್ತಾವು. ಮತ್ತ ಹೊಸದಾಗಿ ಬೆಳಸಾಕ ಆರು ತಿಂಗಳ ಬೇಕು." ಅವನ ಕಣ್ಣಲ್ಲಿ ನೀರಿತ್ತು. ಅದು ವಾಸನೆಗೆ ಬಂದ ನೀರಲ್ಲ ಎಂದು ನೀಲಗಂಗಾಳಿಗೆ ಗೊತ್ತಿತ್ತು.

ಸಮಿತಿ ಹತ್ತಕ್ಕೆ ಬಂತು. ಐದು ಜನ, ಬೆಂಗಳೂರಿನಿಂದ. ಅಧ್ಯಕ್ಷರು ಬೆಳ್ಳಿಗೂದಲಿನ ನಿವೃತ್ತ ಇಂಜಿನಿಯರು. ಕಾರಿನಿಂದ ಇಳಿದವರೇ ಕರವಸ್ತ್ರ ಹುಡುಕಿದರು. ಪರದೆಯ ಹಳೆಯ ಅಂಕಿಗಳನ್ನು ನಂಬಿ ಬೆಳಗಿನಿಂದ ಕಂಬಗಳಲ್ಲೇ ದೋಷ ಹುಡುಕಿಸುತ್ತಿದ್ದ ದೇಸಾಯಿ ಬೆವರುತ್ತ, ನಿರ್ಗಂಧ ವ್ಯವಸ್ಥೆಯಲ್ಲಿ ಸಣ್ಣ ತಾಂತ್ರಿಕ ದೋಷ, ಈಗ ಸರಿಮಾಡುತ್ತೇವೆ ಎಂದರು. ನೀಲಗಂಗಾ ನಡುವೆ ಬಂದಳು.

"ದೋಷ ಅಲ್ಲ ಸರ್, ನಾನೇ ನಿಲ್ಲಿಸಿದ್ದು. ಅದನ್ನು ಮಾಡಿದವಳೂ ನಾನೇ. ಈಗ ನಿಮಗೆ ಬರುತ್ತಿರುವುದೇ ನಿಜವಾದ ವಾಸನೆ. ದಯವಿಟ್ಟು ಈಗಲೇ ನಡೆಯಿರಿ, ಕೆರೆ ನೋಡಿ, ಘಟಕ ನೋಡಿ."

ಅಧ್ಯಕ್ಷರು ಅವಳನ್ನು ಕರುಣೆಯಿಂದಲೇ ನೋಡಿದರು. "ನೋಡೋಕೆ ಈ ವಾಸನೆ ಬಿಡ್ಬೇಕಲ್ಲಮ್ಮ," ಎಂದರು ಕರವಸ್ತ್ರದೊಳಗಿಂದ. ಆಮೇಲೆ ದೇಸಾಯಿಯವರ ಕಡೆ ತಿರುಗಿ, "ಆ ಯಂತ್ರ ಹಾಕ್ಸಿ ಸಾರ್. ನಾವು ಗೆಸ್ಟ್ ಹೌಸಲ್ಲಿ ಕಾಫಿ ಕುಡ್ದು ಬರ್ತೀವಿ," ಎಂದರು.

ದೇಸಾಯಿಯವರ ಹತ್ತಿರ ಇನ್ನೊಂದು ಬೀಗದ ಕೈ ಇತ್ತು. ಕಾಫಿ ಮುಗಿಯುವುದರೊಳಗೆ ಮೂಗುಗಳು ಮುಚ್ಚಿದವು. ಸಮಿತಿ ಸರೋವರದ ದಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡಿತು. ನೀರಿನ ಬಣ್ಣದ ಬಗ್ಗೆ ಒಬ್ಬರು ಕೇಳಿದಾಗ, ಇಲ್ಲಿನ ಕಪ್ಪು ಎರೆಮಣ್ಣಿನ ಗುಣ ಅದು ಎಂದರು ದೇಸಾಯಿ. 'ಹಸಿರು ಶಿಖರ' ಮನ್ನಣೆ ಅವತ್ತೇ ಘೋಷಣೆಯಾಯಿತು. ನಿರ್ಗಂಧ ಬೇರೆ ಹದಿನಾರು ವಿಶ್ವವಿದ್ಯಾಲಯಗಳಿಗೂ ಮಾದರಿ ಎಂದು ಸಮಿತಿ ಬರೆಯಿತು. ನೀಲಗಂಗಾಳನ್ನು ಮಧ್ಯಾಹ್ನದೊಳಗೆ ಅಮಾನತು ಮಾಡಿದರು.

ಅಷ್ಟರಲ್ಲಿ ಹೆಬ್ಬಾಗಿಲ ಹೊರಗೆ ಆರುನೂರು ವಿದ್ಯಾರ್ಥಿನಿಯರು ರಸ್ತೆಯಲ್ಲಿ ಕೂತಿದ್ದರು. ಬೆಳಗ್ಗೆ ವಾಂತಿ ಮಾಡಿಕೊಂಡು ಹೊರಗೆ ಓಡಿಬಂದವರು, ಕೆರೆ ಸ್ವಚ್ಛವಾಗುವವರೆಗೆ ಒಳಗೆ ಬರುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ವಾರ್ಡನ್ ಬಂದು, "ಒಳಗ ಬರ್ರೆ, ಇಪ್ಪತ್ತ ನಿಮಿಷದಾಗ ಎಲ್ಲಾ ಸರಿ ಆಗ್ತೈತಿ," ಎಂದು ಕರೆದಳು. ಬಿಸಿಲು ಏರಿತು. ಹಾಜರಾತಿಯ ಮಾತು ಬಂತು. ಹತ್ತು, ಇಪ್ಪತ್ತು ಎಂದು ಗುಂಪುಗಳು ಎದ್ದು ಒಳಗೆ ಹೋದವು. ನೀಲಗಂಗಾ ತನ್ನ ಚೀಲ ಹಿಡಿದು ಹೊರಗೆ ಬಂದಾಗ ಉಳಿದವರು ನಲವತ್ತರ ಆಸುಪಾಸು. ಅವಳು ಅವರ ನಡುವೆ ಹೋಗಿ ಕೂತಳು. ಹುಸೇನಸಾಬ ತೋಟದ ಗುದ್ದಲಿ ಒಳಗೇ ಬಿಟ್ಟು ಬಂದು ಆಚೆ ಬೇವಿನ ಕೆಳಗೆ ನಿಂತ.

ಮೂರು ಗಂಟೆಗೆ ಕ್ಯಾಂಪಸ್ಸಿನ ಹಸಿರು ವ್ಯಾನು ಹೊರಗೆ ಬಂತು. ಅದರ ನೆತ್ತಿಯ ಮೇಲೆ ಕಂಬದ ನಳಿಕೆಗಳನ್ನು ಕಟ್ಟಿದ್ದರು. ವ್ಯಾನು ಕೂತವರ ಸುತ್ತ ಎರಡು ಸಲ ನಿಧಾನ ಸುತ್ತಿ ಒಳಗೆ ಹೋಯಿತು. ನೀಲಗಂಗಾಳ ಮೂಗು ಒಳಗಿರುವಾಗಲೇ ಮುಚ್ಚಿತ್ತು. ಈಗ ಹುಡುಗಿಯರಿಗೂ ಬೆಳಗಿನಿಂದ ಗಾಳಿ ತಂದು ಸುರಿಯುತ್ತಿದ್ದ ನಾತ ತೆಳುವಾಗುತ್ತ, ತೆಳುವಾಗುತ್ತ, ಪೂರ್ತಿ ಹೋಯಿತು. ಬೇವಿನ ಹೂವಿನ ವಾಸನೆ ಮಾತ್ರ ಉಳಿಯಿತು. ಎಷ್ಟು ಹಿತವಾಗಿತ್ತೆಂದರೆ ನೀಲಗಂಗಾಳಿಗೆ ಅಸಹ್ಯವಾಯಿತು.

ವ್ಯಾನಿನ ಹಿಂದೆಯೇ ಮೆಸ್ಸಿನವರು ದೊಡ್ಡ ಪಾತ್ರೆಗಳಲ್ಲಿ ಊಟ ತಂದಿಟ್ಟು ಹೋದರು. ಅನ್ನ, ಸಾರು, ಮೊಸರು. ಹುಡುಗಿಯರು ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಕೃಷಿ ವಿಭಾಗದ ಫರ್ಜಾನಾ ಎಂಬ ತೆಳ್ಳನೆಯ ಹುಡುಗಿ ಒಂದು ತಟ್ಟೆಗೆ ಬಡಿಸಿಕೊಂಡಳು, ತುತ್ತು ಕಲಸಿ ಬಾಯಿಯ ಹತ್ತಿರ ತಂದು ನಿಲ್ಲಿಸಿದಳು.

"ಹ್ವಾದ ತಿಂಗಳ ಇದ ಮೆಸ್ಸಿನ ಸಾರು ಹಳಸಿದ್ದು ತಿಳೀಲಾರದ ಉಂಡು ಅರವತ್ತ ಮಂದಿ ಆಸ್ಪತ್ರಿಗೆ ಹೋಗಿದ್ವಿ," ಎಂದಳು. ತಟ್ಟೆಯನ್ನು ನೀಲಗಂಗಾಳ ಮುಂದೆ ಚಾಚಿದಳು. "ಮೇಡಂ, ನೀವ ಹೇಳ್ರಿ. ಇದು ಚಲೋ ಐತೋ, ಕೆಟ್ಟೈತೋ?"

ನೀಲಗಂಗಾ ತಟ್ಟೆ ತೆಗೆದುಕೊಂಡಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಅನ್ನವನ್ನು ಮೂಗಿನ ಹತ್ತಿರ ತಂದು ಉಸಿರೆಳೆದಳು, ಮತ್ತೊಮ್ಮೆ ಎಳೆದಳು. ಒಗ್ಗರಣೆಯ ಕರಿಬೇವು, ಜೀರಿಗೆ ಬಂತು. ಅದರ ಅಡಿಯಲ್ಲಿ ಇನ್ನೇನಾದರೂ ಇದೆಯೋ ಎಂದು ಕಣ್ಣು ಮುಚ್ಚಿ ಹುಡುಕಿದಳು.

"ಗೊತ್ತಾಗವಲ್ದವಾ," ಎಂದಳು. "ನನಗೂ ಗೊತ್ತಾಗವಲ್ದು."

ಫರ್ಜಾನಾ ಕೈಯಲ್ಲಿದ್ದ ತುತ್ತನ್ನು ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿದಳು. ಊರಿಗೆ ಹೋಗುವ ಮುಂದಿನ ಬಸ್ಸು ಬಂದದ್ದು ಐದು ಗಂಟೆಗೆ. ಅಲ್ಲಿಯವರೆಗೂ ಆ ನಲವತ್ತು ಜನರಲ್ಲಿ ಒಬ್ಬಳೂ ಆ ಪಾತ್ರೆಗಳನ್ನು ಮುಟ್ಟಲಿಲ್ಲ.